ಹನ್ನೆರಡನೆಯ ಮಚ್ಚೆ

ಮಗಳಿಗೆ ಹದಿಮೂರು ತುಂಬಿದ ವರ್ಷ ಅವಳು ಎರಡು ತೀರ್ಮಾನ ಮಾಡಿದಳು. ಇನ್ನು ಮುಂದೆ ತನ್ನ ತಲೆಯನ್ನು ತಾನೇ ಬಾಚಿಕೊಳ್ಳುತ್ತೇನೆ, ಅಮ್ಮ ಕೂದಲು ಮುಟ್ಟಬಾರದು ಎಂಬುದು ಮೊದಲನೆಯದು. ಅಕ್ಟೋಬರಿನಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಜಿಂಕೆ ಬೇಟೆಗೆ ಹೋಗುತ್ತೇನೆ ಎಂಬುದು ಎರಡನೆಯದು. ಮೊದಲನೆಯದನ್ನು ಕೇಳಿ ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಎರಡನೆಯದನ್ನು ಕೇಳಿದ ಸಂಜೆ ಒಲೆಯ ಮೇಲಿದ್ದ ಒಗ್ಗರಣೆ ಸೀದುಹೋಯಿತು.

ನಾನು ಗದಗದ ಕಡೆಯವಳು. ಗಂಡ ಮೈಸೂರಿನವರು. ಅಮೆರಿಕಕ್ಕೆ ಬಂದ ಮೇಲೆ ಇಬ್ಬರ ಆಫೀಸೂ ಬೆಲ್ವ್ಯೂ ಪಟ್ಟಣದಲ್ಲಿ, ಮನೆ ಮಾತ್ರ ಸ್ನೊಕ್ವಾಲ್ಮಿಯ ದಿಬ್ಬದ ಮೇಲೆ. ನಮ್ಮಿಬ್ಬರ ಹಿರಿಯರ ಮನೆಯಲ್ಲೂ ಮೊಟ್ಟೆ ಕೂಡ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಮಗಳು ಶಾಲೆಯಲ್ಲಿ ಚಿಕನ್ ತಿನ್ನುತ್ತಾಳೆಂದು ನಮಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದೆವು. ಆ ಸಂಜೆ ಅವಳು ಅದನ್ನೇ ಮುಂದಿಟ್ಟಳು. ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ರೂಢಿ.

ಅವಳ ಮಾತಿನ ಸಾರ ಇಷ್ಟು: ಯಾರೋ ಎಲ್ಲೋ ಕೊಂದದ್ದನ್ನು ನಾನು ತಿನ್ನುತ್ತೇನೆ. ಅದು ಹೇಗೆ ನಡೆಯುತ್ತದೆ ಎಂದು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ನೋಡಿದ ಮೇಲೆ ತಿನ್ನಬೇಕೋ ಬಿಡಬೇಕೋ ತೀರ್ಮಾನಿಸುತ್ತೇನೆ.

"ಅವಳು ಹೇಳ್ತಿರೋದ್ರಲ್ಲಿ ತಪ್ಪೇನಿದೆ ಹೇಳು?" ಎಂದರು ಗಂಡ, ಸೀದ ಬಾಣಲೆಯನ್ನು ಸಿಂಕಿಗೆ ಇಡುತ್ತ.

"ತಪ್ಪಿಲ್ಲ ಅಂತನ ನನಗ ಸಿಟ್ಟು ಬಂದದ್ದು," ಎಂದೆ. "ಅಕಿನ್ನ ಒಬ್ಬಾಕಿನ್ನ ಕಳಸೂದಿಲ್ಲ. ನಾನೂ ಹೋಗ್ತೀನಿ."

ಪಕ್ಕದ ಮನೆಯ ಅಜ್ಜಿಗೆ ಆಗ ಎಪ್ಪತ್ತೊಂದು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನನ್ನ ಮಗಳು ಕಿಂಡರ್‌ಗಾರ್ಟನ್ನಿಗೆ ಹೋಗುವಾಗ ಅದೇ ಬಸ್ಸು. ಮೊದಲ ವಾರವೆಲ್ಲ ಅಳುತ್ತಿದ್ದ ಇವಳನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು, ಕನ್ನಡಿಯಲ್ಲಿ ಕಣ್ಣು ಮಿಟುಕಿಸುತ್ತ ಕರೆದೊಯ್ದಿದ್ದಳಂತೆ. ಪ್ರತಿ ಅಕ್ಟೋಬರಿನಲ್ಲೂ ಗಂಡ ಹೆಂಡತಿ ಬೆಟ್ಟಸಾಲಿನ ನಡುವಿನ ಕಣಿವೆದಾರಿ, ಪಾಸ್ ದಾಟಿ ಪೂರ್ವದ ಒಣ ಬೆಟ್ಟಗಳಿಗೆ ಬೇಟೆಗೆ ಹೋಗುತ್ತಿದ್ದರು. ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ಎರಡು ಬಾರಿ ಒಬ್ಬಳೇ ಹೋಗಿಬಂದಿದ್ದಳು.

ಮಗಳು ಬೇಸಿಗೆಯೆಲ್ಲ ಕೂತು ಬೇಟೆಗಾರರ ಪಾಠ ಓದಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡಳು. ನಾನೂ ಬರುತ್ತೇನೆಂದಾಗ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬನ್ನಿ. ಕರಡಿಗೆ ಹೆದರಬೇಡಿ, ಬಂದೂಕಿನ ಯೋಚನೆ ನನಗಿರಲಿ. ನೀವು ಟಿಕ್ ಒಂದನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಿ," ಎಂದಳು.

ಟಿಕ್ ಅಂದರೆ ಉಣ್ಣಿ. ನಮ್ಮ ಓಣಿಯಲ್ಲಿ ಗೌಳಿಯೊಬ್ಬ ಎಮ್ಮೆಯ ಕಿವಿಯೊಳಗಿನ ಉಣ್ಣಿಗೆ ಬೀಡಿಯ ಬೆಂಕಿ ತಾಗಿಸಿ ಉದುರಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಹೇಳಿದೆ. ಅಜ್ಜಿ ಎರಡೂ ಕೈ ಎತ್ತಿ ತಡೆದಳು.

"ಸುಡಬೇಡಿ. ಎಣ್ಣೆಯೂ ಬೇಡ, ವ್ಯಾಸಲೀನೂ ಬೇಡ. ಹಿಂಸೆಯಾದರೆ ಅದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನಿಮ್ಮ ಮೈಯೊಳಗೇ ಕಕ್ಕುತ್ತದೆ. ಸಣ್ಣ ಚಿಮಟ ಸಾಕು. ಚರ್ಮಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ."

"ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಮಗಳು ಕೇಳಿದಳು.

"ಉಣ್ಣಿ."

"ಉಣ್ಣು ಇದೆಯಲ್ಲ, ಊಟ ಮಾಡೋದು, ಅದೇನಾ?"

ನಾನು ಅದುವರೆಗೆ ಯೋಚಿಸಿರಲಿಲ್ಲ. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಆದರೆ ನಮ್ಮ ಅಡುಗೆಮನೆಯಲ್ಲಿ ದಿನಾ ಕೂಗುವ "ಉಣ್ಣಾಕ ಬರ್ರಿ" ಅವಳ ಕಿವಿಯಲ್ಲಿ ನಿಂತಿದೆ ಎಂದು ತಿಳಿದು ಒಳಗೊಳಗೇ ಖುಷಿಯಾಯಿತು.

ಹೊರಡುವ ನಾಲ್ಕು ದಿನ ಮೊದಲು ಅಜ್ಜಿಯ ಗ್ಯಾರೇಜಿನಲ್ಲಿ ನಮ್ಮ ಬಟ್ಟೆಗಳ ಉಪಚಾರವಾಯಿತು. ಮೂವರ ಪ್ಯಾಂಟು, ಅಂಗಿ, ಸಾಕ್ಸು, ಬೂಟುಗಳನ್ನು ಹಗ್ಗಕ್ಕೆ ನೇತುಹಾಕಿ, ಬಾಗಿಲು ಪೂರ್ತಿ ತೆರೆದಿಟ್ಟು ಪರ್ಮೆಥ್ರಿನ್ ಎಂಬ ಔಷಧವನ್ನು ಸಿಂಪಡಿಸಿದಳು. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವಂತಿಲ್ಲ. ಹಸಿ ಇರುವಾಗ ಬೆಕ್ಕಿಗೆ ವಿಷವೆಂದು ತನ್ನ ಬೂದು ಬೆಕ್ಕನ್ನು ಅಂದು ನಮ್ಮ ಮನೆಗೆ ಗಡೀಪಾರು ಮಾಡಿದ್ದಳು. ಪ್ಯಾಂಟು ತಿಳಿಬಣ್ಣದ್ದೇ ಆಗಬೇಕು, ಹತ್ತುವ ಹುಳು ಕಾಣುತ್ತದೆ. ಅಂಗಿ ಪ್ಯಾಂಟಿನೊಳಗೆ, ಪ್ಯಾಂಟು ಸಾಕ್ಸಿನೊಳಗೆ. ಕುತ್ತಿಗೆಗೆ, ಮಣಿಕಟ್ಟಿಗೆ ಬೇರೆ ಮುಲಾಮು.

"ಚಳಿ ಬಿದ್ದ ಮೇಲೆ ಟಿಕ್ ಇರಲ್ಲ ಅಂತ ಎಲ್ಲರೂ ಹೇಳುತ್ತಾರೆ," ಎಂದಳು ಅಜ್ಜಿ. "ಟಿಕ್‌ಗೆ ಅದು ಗೊತ್ತಿಲ್ಲ."

ಶುಕ್ರವಾರ ಮಧ್ಯಾಹ್ನ ಅವಳ ಹಳೆಯ ಟ್ರಕ್ಕಿನಲ್ಲಿ ಹೊರಟೆವು. ಪಾಸ್ ಏರುವಾಗ ಮಳೆ, ಇಳಿಯುವಾಗ ಬಿಸಿಲು. ಈ ಕಡೆಯ ಕಪ್ಪು ಹಸಿರು ಮರಗಳೆಲ್ಲ ಮುಗಿದು, ಒಣ ಹುಲ್ಲಿನ ಹಳದಿ ಬೆಟ್ಟಗಳು ಕಂಡಾಗ ನನ್ನ ಎದೆ ಹಗುರಾಯಿತು. ಆ ಬಣ್ಣ ನನಗೆ ಗೊತ್ತಿರುವ ಬಣ್ಣ. ಅಜ್ಜಿಯ ಸ್ನೇಹಿತರೊಬ್ಬರ ಮರದ ಕ್ಯಾಬಿನ್ನು ನಮಗೆ ಸಿಕ್ಕಿತ್ತು. ಒಂದೇ ಕೋಣೆ, ಒಂದು ಬಚ್ಚಲು, ಒಂದು ಸೌದೆ ಒಲೆ, ಮೂರು ಮಂಚ. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ, ಶೇಂಗಾ ಚಟ್ನಿಯನ್ನು ಅಜ್ಜಿ ಎರಡು ಸಲ ಹಾಕಿಸಿಕೊಂಡಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬದಿಯಲ್ಲಿದ್ದೆವು. ಬೇರೆ ಬೇಟೆಗಾರರಿಗೆ ಕಾಣಲೆಂದು ಮೂವರಿಗೂ ಕಿತ್ತಳೆ ಬಣ್ಣದ ವೆಸ್ಟು. ಅಜ್ಜಿ ದಾರಿಯ ನಡುವೆಯೇ ನಡೆಸಿದಳು, ಅಕ್ಕಪಕ್ಕದ ಹುಲ್ಲಿಗೆ ತೊಡೆ ಸವರಲು ಬಿಡಲಿಲ್ಲ. ಬಿದ್ದ ಮರದ ದಿಮ್ಮಿಯ ಮೇಲೆ ಕೂರಲು ಹೋದ ನನ್ನನ್ನು ತಡೆದು, ಮಡಚುವ ಸ್ಟೂಲ್ ಕೊಟ್ಟಳು. ಹಾಗೆ ಎರಡು ಗಂಟೆ ಕೂತೆವು. ಮಾತಿಲ್ಲ, ಫೋನಿಲ್ಲ. ಮಗಳ ಪಕ್ಕದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತೋ. ಅವಳ ಉಸಿರು ಚಳಿಯಲ್ಲಿ ಹೊಗೆಯಾಗುವುದನ್ನೇ ನೋಡುತ್ತಿದ್ದೆ.

ಮೊದಲು ಬಂದದ್ದು ಒಂದು ಎಳೆಯ ಗಂಡು. ಮಗಳು ಬಂದೂಕನ್ನು ಭುಜಕ್ಕೇರಿಸಿದಳು. ಅಜ್ಜಿ ಅವಳ ಕಿವಿಯ ಬಳಿ, "ಕೊಂಬು ಎಣಿಸು," ಎಂದಳು. ಒಂದು ಬದಿಗೆ ಮೂರು ಕವಲಾದರೂ ಇರಬೇಕು, ಕಡಿಮೆಯಿದ್ದರೆ ಹೊಡೆಯುವಂತಿಲ್ಲ. ಮಗಳು ಬಹಳ ಹೊತ್ತು ನೋಡಿ, "ಎರಡು," ಎಂದು ಬಂದೂಕನ್ನು ಇಳಿಸಿದಳು. ಅವಳ ಮುಖದಲ್ಲಿ ನಿರಾಶೆಯನ್ನು ಹುಡುಕಿದೆ. ಸಿಗಲಿಲ್ಲ. ಜಿಂಕೆ ನಮ್ಮ ಕಡೆ ಒಮ್ಮೆ ಕಿವಿ ತಿರುಗಿಸಿ, ಅವಸರವಿಲ್ಲದೆ ಹೋಯಿತು.

ಹತ್ತು ಗಂಟೆಯ ಸುಮಾರಿಗೆ ಇನ್ನೊಂದು ಬಂತು, ದೊಡ್ಡದು. ಅಜ್ಜಿ ಮಗಳನ್ನು ನೋಡಿದಳು. ಮಗಳು ತಲೆಯಾಡಿಸಿ ಬೇಡವೆಂದಳು. ಆಗ ಅಜ್ಜಿಯೇ ಹೊಡೆದಳು. ಒಂದೇ ಗುಂಡು.

ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಬೆಟ್ಟ ಹಾಗೇ ಇತ್ತು. ಅಜ್ಜಿ ಹತ್ತಿರ ಹೋಗಿ, ಮೊಣಕಾಲೂರಿ, ಆ ಪ್ರಾಣಿಯ ಕುತ್ತಿಗೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಮಗಳು ಅಳುತ್ತಿದ್ದಳು. ಆದರೆ ಹಿಂದೆ ಸರಿಯಲಿಲ್ಲ. ಅಜ್ಜಿ ಹೊಟ್ಟೆ ಬಗೆದು ಹಸನು ಮಾಡುವಾಗ ಕೈಗವಸು ಹಾಕಿಕೊಂಡು ಹೇಳಿದಲ್ಲಿ ಹಿಡಿದಳು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಬೆಟ್ಟದ ಇನ್ನೊಂದು ಮಗ್ಗುಲನ್ನು ನೋಡುತ್ತಿದ್ದೆ. "ಅಮ್ಮಾ, ಈ ಕಾಲು ಹಿಡ್ಕೋ, ಪ್ಲೀಸ್" ಎಂದು ಅವಳು ಕನ್ನಡದಲ್ಲಿ ಕರೆದಾಗ ಹೋಗಿ ಹಿಡಿದೆ. ಅದು ಇನ್ನೂ ಬೆಚ್ಚಗಿತ್ತು.

"ಕಿವಿ ನೋಡಿ," ಎಂದಳು ಅಜ್ಜಿ. ಜಿಂಕೆಯ ಕಿವಿಯ ಬುಡದಲ್ಲಿ ಕಂದು ಬಣ್ಣದ ಚಪ್ಪಟೆ ಹುಳುಗಳು ಒಂದೊಂದಾಗಿ ಹೊರಗೆ ನಡೆದು ಬರುತ್ತಿದ್ದವು. "ಈ ಮೈ ತಣ್ಣಗಾಗುತ್ತಿದೆ ಅಂತ ಅವಕ್ಕೆ ಗೊತ್ತಾಯಿತು. ಈಗ ಬೆಚ್ಚಗಿನ ಇನ್ನೊಂದು ಮೈ ಬೇಕು. ಬಟ್ಟೆ ತಾಗಿಸದೆ ಕೆಲಸ ಮಾಡಿ."

ನಮಗೆ ಅಷ್ಟು ಎಚ್ಚರಿಕೆ ಹೇಳಿದವಳೇ ಒಂದು ತಪ್ಪು ಮಾಡಿದಳು. ಜಿಂಕೆಯನ್ನು ಎಳೆಯುವಾಗ ಸೆಕೆಯಾಗಿ ಜಾಕೆಟ್ಟನ್ನು ಬಿಚ್ಚಿ ಅದರ ಪಕ್ಕದ ಹುಲ್ಲಿನ ಮೇಲೆ ಎಸೆದಳು. ಹೊರಡುವಾಗ ಕೊಡವಿ ಮತ್ತೆ ಹಾಕಿಕೊಂಡಳು. ನಾನು ನೋಡಿದೆ. ಎಪ್ಪತ್ತೊಂದು ವರ್ಷದವಳಿಗೆ ನಾನೇನು ಹೇಳುವುದೆಂದು ಸುಮ್ಮನಾದೆ.

ಮಧ್ಯಾಹ್ನ ಕ್ಯಾಬಿನ್ನಿಗೆ ಬಂದೊಡನೆ ಹಾಕಿದ ಬಟ್ಟೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಗಂಟು ಹಾಕಿದೆವು. ಮನೆಗೆ ಹೋದ ಮೇಲೆ ಅವು ಒಗೆಯುವ ಮೊದಲೇ ಡ್ರೈಯರಿನ ಬಿಸಿಯಲ್ಲಿ ತಿರುಗಬೇಕು. ಸ್ನಾನ ಮಾಡಿ, ಬಳಿಕ ಒಬ್ಬರನ್ನೊಬ್ಬರು ನೋಡಬೇಕು: ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ಸೊಂಟದ ಪಟ್ಟಿ, ಮೊಣಕಾಲಿನ ಹಿಂದೆ. ಎಲ್ಲಕ್ಕಿಂತ ಮುಖ್ಯವಾಗಿ ತಲೆ.

ಮಗಳು ಕಿಟಕಿಯ ಬಳಿ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಳು. ಹಣಿಗೆಯನ್ನು ತಾನೇ ತೆಗೆದು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ನಾನು ತೆಗೆದುಕೊಂಡೆ. ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬೈತಲೆ ತೆಗೆದು, ನೆತ್ತಿಯನ್ನು ಬೆರಳ ತುದಿಯಲ್ಲಿ ಸವರುತ್ತ ಹೋದೆ. ಕೂದಲು ದಟ್ಟವಾಗಿತ್ತು, ನನಗೆ ತಿಳಿಯದೆಯೇ ಉದ್ದವೂ ಆಗಿತ್ತು. ಎಡಕಿವಿಯ ಮೇಲೆ, ಐದು ವರ್ಷದವಳಿದ್ದಾಗ ಜಾರುಬಂಡೆಯಿಂದ ಬಿದ್ದು ಆದ ಗಾಯದ ಗೀರು ಹಾಗೆಯೇ ಇತ್ತು.

"ಸಿಕ್ತಾ?" ಎಂದಳು.

"ಇನ್ನೂ ನೋಡಾಕತ್ತೀನಿ," ಎಂದೆ. ನೋಡಿ ಮುಗಿದಿತ್ತು. ಏನೂ ಇರಲಿಲ್ಲ. ಇನ್ನೊಂದು ಸುತ್ತು ನೋಡಿದೆ. ಅವಳಿಗೂ ತಿಳಿದಿರಬೇಕು, ಕತ್ತು ನನ್ನ ಕೈಗೆ ಸ್ವಲ್ಪ ಭಾರವಾಯಿತು. ಕೇಳದೆಯೇ ಜಡೆ ಹಾಕಿದೆ, ಅವಳು ಬೇಡವೆನ್ನಲಿಲ್ಲ.

ಬಳಿಕ ಅವಳು ನನ್ನನ್ನು ನೋಡಿದಳು, ಟಾರ್ಚು ಹಿಡಿದು, ಡಾಕ್ಟರ ಗಾಂಭೀರ್ಯದಲ್ಲಿ. ನನ್ನಲ್ಲೂ ಏನೂ ಇರಲಿಲ್ಲ.

ಅಷ್ಟರಲ್ಲಿ ಅಜ್ಜಿ ಕೈಗನ್ನಡಿಯೊಂದನ್ನು ಹಿಡಿದು ಬಚ್ಚಲುಮನೆಗೆ ಹೋದವಳು ಇನ್ನೂ ಹೊರಗೆ ಬಂದಿರಲಿಲ್ಲ. ಬಾಗಿಲಿನಾಚೆ ಕನ್ನಡಿ ಬೇಸಿನ್ನಿಗೆ ಬಡಿದ ಸದ್ದು, ಸಣ್ಣಗೆ ಒಂದು ಬೈಗುಳ. ನಾನು ಬಾಗಿಲು ತಟ್ಟಿದೆ.

"ನಿಮ್ಮ ಬೆನ್ನು ಯಾರು ನೋಡುತ್ತಾರೆ?"

"ಎರಡು ಕನ್ನಡಿ ಇಟ್ಟುಕೊಂಡು ನಾನೇ ನೋಡಿಕೊಳ್ಳುತ್ತೇನೆ. ಆದರೆ ಈ ಭುಜ ಈಚೆಗೆ ತಿರುಗುತ್ತಿಲ್ಲ," ಎಂದಳು.

"ಹೊರಗೆ ಬನ್ನಿ. ನಾನು ನೋಡ್ತೀನಿ."

ಅವಳು ಟವೆಲ್ ಸುತ್ತಿಕೊಂಡು ಬಂದು ಅದೇ ಸ್ಟೂಲಿನ ಮೇಲೆ ಕೂತಳು. ನನಗೆ ನಾಚಿಕೆಯಾಯಿತು. ಎಂಟು ವರ್ಷದಿಂದ ನೆರೆಯವಳು. ಬೇಲಿಯಾಚೆಯಿಂದ ಕೈ ಬೀಸಿದ್ದು, ಕ್ರಿಸ್‌ಮಸ್ಸಿಗೆ ಒಂದು ತಬ್ಬುಗೆ, ಅಷ್ಟೇ ನಮ್ಮ ಮುಟ್ಟುವಿಕೆ. ಅವಳಿಗೂ ನಾಚಿಕೆಯಾಗಿತ್ತು. ಅದನ್ನು ಮುಚ್ಚಲು ಮಾತಾಡತೊಡಗಿದಳು.

"ನನ್ನ ಬೆನ್ನ ಮೇಲೆ ಹನ್ನೊಂದು ಮಚ್ಚೆ ಇವೆ. ನಾನು ಒಂದನ್ನೂ ನೋಡಿಲ್ಲ. ಅವನು ಎಣಿಸುತ್ತಿದ್ದ. ಬೇಟೆಯಿಂದ ಬಂದ ಮೇಲೆ ಪ್ರತಿ ಸಲ ಗಟ್ಟಿಯಾಗಿ, ಒಂದು, ಎರಡು ಅಂತ. ಹನ್ನೊಂದಕ್ಕೆ ನಿಂತರೆ ಅಂಗಿ ಹಾಕಿಕೋ ಅನ್ನುತ್ತಿದ್ದ."

ನಾನು ಎಣಿಸತೊಡಗಿದೆ. ನನಗರಿವಿಲ್ಲದೆ ಕನ್ನಡದಲ್ಲಿ, ಗಟ್ಟಿಯಾಗಿಯೇ. ಒಂದು, ಎರಡು, ಮೂರು. ಸುಕ್ಕುಗಟ್ಟಿದ ಬಿಳಿಯ ಚರ್ಮ, ಬಿಸಿಲು ಕಾಣದ ಜಾಗದಲ್ಲಿ ಮಗುವಿನದರಷ್ಟೇ ಮೆತ್ತಗೆ. ಕೆಲವು ಮಚ್ಚೆ ಸಾಸಿವೆಯಷ್ಟು, ಒಂದು ಬೇಳೆಯಷ್ಟು. ಮಗಳು ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಒಂಬತ್ತು, ಹತ್ತು, ಹನ್ನೊಂದು.

ಬಲಭುಜದ ಮೂಳೆಯ ಕೆಳಗೆ ಇನ್ನೊಂದಿತ್ತು.

"ಹನ್ನೆರಡು," ಎಂದೆ.

ಮಗಳು ಟಾರ್ಚನ್ನು ಹತ್ತಿರ ತಂದಳು. ಹನ್ನೆರಡನೆಯದಕ್ಕೆ ಕಾಲುಗಳಿದ್ದವು. "ಅಮ್ಮಾ, ಉಣ್ಣಿ," ಎಂದಳು ಪಿಸುಮಾತಿನಲ್ಲಿ.

ಚಿಮಟ ನನ್ನ ಕೈಗೆ ಬಂತು. ಆಫೀಸಿನಲ್ಲಿ ನಾನು ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವವಳು. ಜೀವವಿರುವ ತಪ್ಪನ್ನು ಕಿತ್ತು ಗೊತ್ತಿಲ್ಲ. ಅಜ್ಜಿ ಬೆನ್ನು ಅಲುಗಿಸದೆ, "ಚರ್ಮದ ಹತ್ತಿರ. ತಿರುಚಬೇಡಿ. ನಿಮಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ, ನಾನು ಎಲ್ಲಿಗೂ ಹೋಗುವುದಿಲ್ಲ," ಎಂದಳು. ಹಿಡಿದೆ. ಚರ್ಮ ಸಣ್ಣ ಡೇರೆಯ ಹಾಗೆ ಮೇಲೆದ್ದಿತು. ಬಿಡಲೇ ಎನ್ನಿಸಿತು, ಬಿಡಲಿಲ್ಲ. ಅದು ಇಡಿಯಾಗಿ ಬಂತು. ಕಚ್ಚಿದ ಜಾಗವನ್ನು ಸೋಪು ನೀರಿನಿಂದ ತೊಳೆದು, ಸ್ಪಿರಿಟ್ ಹಚ್ಚಿದೆ. ಮಗಳು ಉಣ್ಣಿಯನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಮುಚ್ಚಿ, ಮೇಲೆ ದಿನಾಂಕ ಬರೆದಳು.

ಅಜ್ಜಿ ಇನ್ನೂ ಕೂತೇ ಇದ್ದಳು. ಕೆಲಸ ಮುಗಿಯಿತು ಎಂದೆ. ಅವಳು ಏಳಲಿಲ್ಲ, ತಿರುಗಲೂ ಇಲ್ಲ. ಅವಳ ಭುಜ ಅಲುಗುವುದನ್ನು ಕಂಡು ಮಗಳು ಟಾರ್ಚು ಆರಿಸಿದಳು. ನಾನು ಆ ಬೆನ್ನಿನ ಮೇಲೆ ಅಂಗೈ ಇಟ್ಟು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು, "ಮೂರು ವರ್ಷವಾಗಿತ್ತು," ಎಂದಳು. "ಕೂದಲು ಕತ್ತರಿಸುವ ಹುಡುಗಿಯನ್ನು ಬಿಟ್ಟರೆ ಯಾರೂ ಹೀಗೆ ಮುಟ್ಟಿರಲಿಲ್ಲ."

"ಅಂಗಿ ಹಾಕೋಳ್ರಿ, ಥಂಡಿ ಅದ," ಎಂದುಬಿಟ್ಟೆ, ಕನ್ನಡದಲ್ಲೇ. ಅವಳು ಅಂಗಿ ಹಾಕಿಕೊಂಡಳು.

ಮನೆಗೆ ಬಂದ ಮೇಲೆ ಎರಡು ದಿನಕ್ಕೊಮ್ಮೆ ಹೋಗಿ ಕಚ್ಚಿದ ಜಾಗವನ್ನು ನೋಡುತ್ತಿದ್ದೆ. ಕೆಂಪು ಹರಡಲಿಲ್ಲ. ಒಂದು ವಾರದ ಮೇಲೆ ನನ್ನ ಉತ್ಸಾಹ ಇಳಿಯಿತು, ಆಫೀಸಿನ ಕೆಲಸ ಹೆಚ್ಚಾಯಿತು. ಹನ್ನೆರಡನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಟ ಮಗಳು ಬಾಗಿಲಿನಿಂದಲೇ ಹಿಂದೆ ಬಂದಳು. ಕಸದ ಗಾಡಿ ಬರುವ ದಿನವಾದರೂ ಅಜ್ಜಿಯ ಕಸದ ಡಬ್ಬಿ ರಸ್ತೆಗೆ ಬಂದಿಲ್ಲ, ಬೆಕ್ಕು ಹೊರಗೆ ಕೂತು ಕೂಗುತ್ತಿದೆ ಎಂದಳು. ಇಬ್ಬರೂ ಓಡಿದೆವು.

ಅವಳು ಸೋಫಾದ ಮೇಲೆ ಕೋಟು ಹೊದ್ದು ಮಲಗಿದ್ದಳು. ಮೈ ಕಾದ ಹಂಚು. ತಲೆ ಸಿಡಿಯುತ್ತಿದೆ, ಬರೀ ಫ್ಲೂ ಇರಬೇಕು, ಮಲಗಿದರೆ ಹೋಗುತ್ತದೆ ಎಂದಳು. ನಾನು ವಾದ ಮಾಡಲಿಲ್ಲ. ಮಗಳು ಉಣ್ಣಿಯಿದ್ದ ಮಾತ್ರೆ ಡಬ್ಬಿಯನ್ನು ಹುಡುಕಿ ತಂದಳು, ನಾನು ಕಾರನ್ನು ಬಾಗಿಲ ಹತ್ತಿರ ತಂದೆ. ದಾರಿಯಲ್ಲಿ ಅಜ್ಜಿ ಹಿಂದಿನ ಸೀಟಿನಲ್ಲಿ ಮಗಳ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಒಂದು ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕಣ್ಣು ತೆರೆಯದೆ ಕೇಳಿದಳು: "ಎಲ್ಲಾ ಮಕ್ಕಳೂ ಇಳಿದರಾ? ಹಿಂದಿನ ಸೀಟಿನಲ್ಲಿ ಯಾರೂ ಮಲಗಿಲ್ಲ ತಾನೆ?"

ಕನ್ನಡಿಯಲ್ಲಿ ನನ್ನ ಕಣ್ಣು ಮಗಳ ಕಣ್ಣನ್ನು ಹುಡುಕಿತು. ಅವಳು ಕ್ಷಣವೂ ತಡೆಯದೆ, "ಎಲ್ಲರೂ ಇಳಿದರು. ನಾನು ಕೊನೆಯವರೆಗೂ ಹೋಗಿ ನೋಡಿ ಬಂದೆ," ಎಂದಳು. ಅಜ್ಜಿಯ ಹುಬ್ಬು ಸಡಿಲವಾಯಿತು.

ಕ್ಲಿನಿಕ್ಕಿನಲ್ಲಿ ಒಂದು ಫಾರ್ಮು ಕೊಟ್ಟರು. ಜ್ವರದಲ್ಲಿ ಅವಳಿಗೆ ಓದಲಾಗದ್ದರಿಂದ ನಾನು ಓದಿ ಬರೆದುಕೊಳ್ಳುತ್ತಿದ್ದೆ. ತುರ್ತು ಸಂದರ್ಭದಲ್ಲಿ ಯಾರಿಗೆ ಕರೆ ಮಾಡಬೇಕು ಎಂಬಲ್ಲಿಗೆ ಬಂದಾಗ ಅವಳು, ಹಳೆಯ ಕಾಗದಗಳಲ್ಲೆಲ್ಲ ಗಂಡನ ಹೆಸರೇ ಇದೆ, ತಾನು ಬದಲಾಯಿಸಿಲ್ಲ ಎಂದಳು. ಮಕ್ಕಳಿರಲಿಲ್ಲ, ತಂಗಿಯೊಬ್ಬಳು ಇದ್ದದ್ದು ದೂರದ ಫ್ಲಾರಿಡಾದಲ್ಲಿ. ನಾನು ಕೇಳದೆ ನನ್ನ ಹೆಸರು, ನಂಬರು ಬರೆದೆ. ಮುಂದಿನ ಸಾಲಿನಲ್ಲಿ ಸಂಬಂಧ ಎಂದಿತ್ತು.

"ಏನು ಬರೆಯಲಿ?" ಎಂದೆ.

"ನೆರೆಮನೆ ಅಂತ ಬರೆದರೆ ಸಾಕು," ಎಂದಳು. ಮತ್ತೆ ಸ್ವಲ್ಪ ಯೋಚಿಸಿ, "ನಿಮ್ಮ ಭಾಷೆಯಲ್ಲಿ ಬೇರೆ ಏನಾದರೂ ಇದ್ದರೆ ಅದನ್ನೇ ಬರೆಯಿರಿ," ಎಂದಳು. ಆ ಜ್ವರದಲ್ಲೂ ತುಟಿಯ ಕೊನೆಯಲ್ಲಿ ನಗು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ 'ಮನೆಯವರು' ಎಂದು ಬರೆದೆ.

ಡಾಕ್ಟರ್ ಡಬ್ಬಿಯನ್ನು ನೋಡಿದರು, ದಿನಾಂಕ ನೋಡಿದರು, ರಕ್ತ ತೆಗೆದರು. ಇದು ಉಣ್ಣಿ ಕಚ್ಚಿ ಬರುವ ಜ್ವರವೇ ಇರಬೇಕು, ಪರೀಕ್ಷೆಯ ಫಲ ಬರುವವರೆಗೆ ಕಾಯುವುದು ಬೇಡವೆಂದು ಅಂದೇ ಮಾತ್ರೆ ಶುರು ಮಾಡಿದರು. ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಆ ಮೂರು ದಿನ ಅವಳು ನಮ್ಮ ಕೆಳಗಿನ ಕೋಣೆಯಲ್ಲಿದ್ದಳು, ಬೆಕ್ಕಿನ ಸಮೇತ. ಗಂಡ ಆಫೀಸಿನ ಕರೆಗಳ ನಡುವೆ ಗಂಜಿ ಕಾಯಿಸಿ, "ಅಜ್ಜೀ, ಇನ್ನೊಂದು ಲೋಟ ಕುಡೀಬೇಕು ನೀವು," ಎಂದು ಅವಳಿಗೆ ತಿಳಿಯದ ಭಾಷೆಯಲ್ಲಿ ಗದರಿಸುತ್ತಿದ್ದರು. ಅವಳು ಕುಡಿಯುತ್ತಿದ್ದಳು.

ನವೆಂಬರಿನ ಕೊನೆಯಲ್ಲಿ ಅಜ್ಜಿ ತನ್ನ ಮನೆಗೆ ಊಟಕ್ಕೆ ಕರೆದಳು. ನಮಗಿಬ್ಬರಿಗೆ ಕುಂಬಳಕಾಯಿಯ ಸೂಪು. ಮಗಳಿಗೆ, ತನಗೆ ಆ ಜಿಂಕೆಯ ಮಾಂಸದ ಸ್ಟ್ಯೂ. ಮಗಳು ಬಟ್ಟಲನ್ನು ಬಹಳ ಹೊತ್ತು ನೋಡಿ, ನಿಧಾನವಾಗಿ, ಪೂರ್ತಿ ಊಟ ಮಾಡಿದಳು. ಮನೆಗೆ ನಡೆದು ಬರುವಾಗ ನಾನು ಕೇಳಿದೆ, "ತೀರ್ಮಾನ ಆತೇನು?"

"ಗೊತ್ತಿಲ್ಲ," ಎಂದಳು ಇಂಗ್ಲಿಷಿನಲ್ಲಿ. ಬಂದೂಕು ಮತ್ತೆ ಎತ್ತುತ್ತೇನೋ ಇಲ್ಲವೋ ಹೇಳಲಾರೆ. ಆದರೆ ಶಾಲೆಯಲ್ಲಿ ಚಿಕನ್ ತಿನ್ನುವಾಗ ಈಗ ಅರ್ಧ ಬಿಡಲು ಆಗುವುದಿಲ್ಲ, ಹಸಿವಿದ್ದಷ್ಟೇ ತೆಗೆದುಕೊಳ್ಳುತ್ತೇನೆ ಎಂದಳು. ಸ್ವಲ್ಪ ದೂರ ನಡೆದ ಮೇಲೆ ಕನ್ನಡಕ್ಕೆ ಬಂದಳು. "ನೆಕ್ಸ್ಟ್ ಇಯರ್ ನೀನೂ ಬರ್ತೀಯಾ?"

ಬೀದಿಯಲ್ಲಿ ತುಂತುರು ಹನಿ ಬೀಳುತ್ತಿತ್ತು. ಗಂಡ ಬಾಗಿಲ ಬೀಗ ತೆಗೆಯುತ್ತಿದ್ದರು.

"ಬರ್ತೀನಿ," ಎಂದೆ.